ಹುಳದಕ್ಕೋರು ಕರಜಗಿಗೆ ಬಂದ ವರ್ಷ

ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುವಾಗ ಒಂದು ಗಳಿಗೆ ಬರುತ್ತದೆ. ಕಾಳು ಚಟಚಟ ಅನ್ನತೊಡಗುತ್ತದೆ, ಅಡುಗೆಮನೆ ತುಂಬ ಘಮ ಏಳುತ್ತದೆ. ಆಗ ಒಲೆ ಸಣ್ಣ ಮಾಡಬೇಕು, ಇಲ್ಲದಿದ್ದರೆ ಹಿಂಡಿ ಕಹಿಯಾಗುತ್ತದೆ. ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ನಮ್ಮ ಕಡೆಯ ಚಟ್ನಿಪುಡಿ. ಮೊನ್ನೆ ಕಲಬುರಗಿಯ ನನ್ನ ಮನೆಯಲ್ಲಿ ಆ ಘಮ ಬಂತು, ನಾನು ಒಲೆ ಸಣ್ಣ ಮಾಡಲಿಲ್ಲ. ಕೈಯಲ್ಲಿ ಸೌಟು ಹಿಡಿದುಕೊಂಡು ಕರಜಗಿಯ ಹೊಲದ ಬದುವಿನ ಮೇಲೆ ನಿಂತುಬಿಟ್ಟಿದ್ದೆ. ಮನೆಯವರು ಹಾಲ್‌ನಿಂದ "ಏನೋ ಹೊತ್ತೇದ ನೋಡು" ಅಂದಮೇಲೆ ಎಚ್ಚರ. ಹಿಂಡಿ ಕೆಟ್ಟಿತು, ಹೋಗಲಿ. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

ನಾನು ಜೇವರ್ಗಿಯವಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗಬಹುದು ಅಂತ ಕಾಯುತ್ತ ಕೂತಿದ್ದಾಗ ಒಂದು ಸಣ್ಣ ಸಂಸ್ಥೆಯವರು ಕರೆದರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಓಡಾಡಬೇಕು. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಜೇನು, ದುಂಬಿ, ಚಿಟ್ಟೆ ಹೊಲಗಳಲ್ಲಿ ಕಡಿಮೆಯಾಗುತ್ತಿವೆ. ಅವುಗಳಿಗೆ ಬದುಕಲು ಒಂದಿಷ್ಟು ಜಾಗ ಬಿಡುವಂತೆ ರೈತರನ್ನು ಒಪ್ಪಿಸಬೇಕು. ಇಷ್ಟೇ ಕೆಲಸ. ಅವ್ವನಿಗೆ ಹೇಳಿದೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಎಂ.ಎಸ್ಸಿ. ಮಾಡಿ ನೊಣ ಕಾಯಾಕ ಹೊಂಟಿಯೇನ್ ಬೇ? ಬೀಗರು ಕೇಳಿದ್ರ ಏನಂತ ಹೇಳ್ಲಿ ನಾ?"

"ನೊಣ ಅಲ್ಲವ್ವ, ಜೇನು."

"ಎರಡಕ್ಕೂ ರೆಕ್ಕಿ ಅದಾವಲ್ಲ" ಅಂದು ಅವ್ವ ಮತ್ತೆ ಹಿಟ್ಟಿಗೆ ಕೈಹಾಕಿದಳು. ಅವ್ವನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲ ತಿಂಗಳು ಹೇಳಿಕೊಳ್ಳುವ ಹಾಗಿಲ್ಲ. ನರೋಣಾದಲ್ಲಿ ಚಹಾ ಕೊಟ್ಟು ಕಳಿಸಿದರು. ನೆಲೋಗಿಯಲ್ಲಿ ನಮ್ಮ ಬಳಗದವರೇ ಇದ್ದರು, ಊಟಕ್ಕೆ ಹಾಕಿ ಕಳಿಸಿದರು. ಮರ್ಯಾದೆಗೆ ಎಲ್ಲೂ ಕಡಿಮೆ ಇರಲಿಲ್ಲ, ಕೆಲಸ ಮಾತ್ರ ಎಲ್ಲೂ ಆಗಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆ ಬೇರೆ. ನಮ್ಮ ಎರೆಮಣ್ಣು ಮಳೆ ಕುಡಿದರೆ ಕಾಲು ಬಿಡುವುದಿಲ್ಲ. ಒಂದು ಹೆಜ್ಜೆ ಎತ್ತಿಟ್ಟರೆ ಚಪ್ಪಲಿಗೆ ಸೇರು ಮಣ್ಣು. ಅದನ್ನು ಕೆರೆದುಕೊಳ್ಳುತ್ತ, ಬಸ್ಸಿಗೆ ಕಾಯುತ್ತ, ಎಲ್ಲರ ಮೇಲೂ ಸಿಟ್ಟಾಗುತ್ತ ನಾನು ಕರಜಗಿ ತಲುಪಿದ್ದು.

ಕರಜಗಿಯ ಗುಡಿಯ ಮುಂದೆ ಹತ್ತಾರು ಜನ ಸೇರಿದ್ದರು. ನಾನು ಬಾಯಿಪಾಠ ಮಾಡಿದ್ದನ್ನು ದೊಡ್ಡ ದನಿಯಲ್ಲಿ ಒಪ್ಪಿಸಿದೆ. "ಹುಳ ಉಳಿದರ ಬೆಳಿ ಉಳೀತದ್ರಿ. ನಾವು ಹುಳ ಉಳಿಸ್ಬೇಕು."

ನಗು ಎದ್ದಿತು ನೋಡಿ, ಕಂಬದ ಮೇಲಿನ ಪಾರಿವಾಳ ಹಾರಿಹೋದವು. ಮುದುಕರೊಬ್ಬರು ಟೊಪ್ಪಿಗೆ ತೆಗೆದು ತೊಡೆ ಮೇಲಿಟ್ಟುಕೊಂಡು ನಕ್ಕರು. ತೊಗರಿ ಬೆಳೆಯುವ ನಾಡು ಅದು. ಅಲ್ಲಿ ಬರೀ ಹುಳ ಅಂದರೆ ಒಂದೇ ಹುಳ, ತೊಗರಿ ಕಾಯಿ ಕೊರೆಯುವ ಹಸಿರು ಹುಳ. ಅದು ಬಿದ್ದರೆ ವರ್ಷದ ಕೂಳು ಹೋಯಿತು. ನಾನು ಅವ್ವನ ಮಗಳಾಗಿ, ಅದೇ ನಾಡಿನ ನೀರು ಕುಡಿದವಳಾಗಿ, ಆ ಜನರೆದುರು ನಿಂತು ಹುಳ ಉಳಿಸಿ ಅಂದಿದ್ದೆ. ಪುಸ್ತಕ ಓದಿ ಓದಿ ಜೇನುಹುಳ ಅನ್ನುವುದರಲ್ಲಿ ಜೇನು ಉದುರಿ ಬರೀ ಹುಳ ಉಳಿದಿತ್ತು.

"ಅಕ್ಕೋರೆ," ಅಂದ ಒಬ್ಬ, ನಗು ತಡೆದುಕೊಂಡು, "ಎಣ್ಣಿ ಅಂಗಡಿಯವ ಹುಳ ಸಾಯಿಸ್ರಿ ಅಂತಾನ. ನೀವು ಉಳಿಸ್ರಿ ಅಂತೀರಿ. ನಿಮ್ಮಿಬ್ಬರದು ಮೊದಲ ಬಗೀಹರೀಲಿ, ಆಮ್ಯಾಲ ನಾವು ಬರ್ತೇವಿ."

ಎಣ್ಣಿ ಅಂದರೆ ಕೀಟನಾಶಕ, ನಮ್ಮ ಕಡೆ ಹಾಗೇ ಅನ್ನುವುದು. ನಾನು ಜೇನು, ದುಂಬಿ ಅಂತ ಏನೇನೋ ಬಿಡಿಸಿ ಹೇಳಹೋದೆ. ಯಾರು ಕೇಳುತ್ತಾರೆ? ಆ ಸಂಜೆಯೇ ನನಗೆ ಹೆಸರು ಬಿತ್ತು, ಹುಳದಕ್ಕೋರು. ಇವತ್ತಿಗೂ ಆ ಊರಿನಲ್ಲಿ ನನ್ನ ನಿಜವಾದ ಹೆಸರು ಗೊತ್ತಿರುವವರು ನಾಲ್ಕು ಜನ ಸಿಕ್ಕರೆ ಹೆಚ್ಚು.

ಬಸ್ ನಿಲ್ದಾಣದ ಕಡೆ ದಡದಡ ನಡೆದು ಬಂದೆ. ಹಿಂದಿನಿಂದ ಯಾರೋ ಕೂಗಿದರು. ಗುಡಿಯಲ್ಲಿ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ಬರುತ್ತಿದ್ದಳು. ಅವಳೇ ಶರಣಮ್ಮ.

"ನಕ್ಕಿದ್ದಕ್ಕ ಸಿಟ್ಟಾಗಬ್ಯಾಡ್ರಿ ಅಕ್ಕೋರೆ. ನಗು ಬರೂವಂಗ ಮಾತಾಡಿದ್ರಿ, ನಕ್ಕೆ. ಈಗ ಒಂದು ಖರೇ ಮಾತು ಕೇಳ್ತೇನಿ. ಸೂರ್ಯಪಾನದ ತೆನಿ ನಡುವ ಜೊಳ್ಳ ಯಾಕ ಆಗ್ತಾವ?"

ಸೂರ್ಯಪಾನ ಅಂದರೆ ಸೂರ್ಯಕಾಂತಿ. ಎರಡು ವರ್ಷದಿಂದ ಅವಳ ಹೊಲದಲ್ಲಿ ತೆನೆ ತಟ್ಟೆಯಷ್ಟು ಅಗಲ ಬಂದರೂ ನಡುವೆ ಕಾಳೇ ಇರುತ್ತಿರಲಿಲ್ಲ, ಬರೀ ಹೊಟ್ಟು. ಯಾರೋ ಹೇಳಿದರು ಅಂತ ಹಿಂದಿನ ವರ್ಷ ಕೂಲಿ ಹೆಂಗಸರನ್ನು ಹಚ್ಚಿ, ಕೈಗೆ ಮೆತ್ತನೆಯ ಅರಿವೆ ಸುತ್ತಿಸಿ, ಅರಳಿದ ಹೂ ಒಂದೊಂದನ್ನೂ ತಿಕ್ಕಿಸಿದ್ದಳಂತೆ. ಪರಾಗ ಹರಡಲಿ ಅಂತ ಹಾಗೆ ಮಾಡುವುದುಂಟು. ತಿಕ್ಕಿದ ಸಾಲಿನಲ್ಲಿ ಅಷ್ಟಿಷ್ಟು ಕಾಳು ಕಟ್ಟಿತ್ತು. ಎಲ್ಲ ಸಾಲಿಗೂ ಆಳು ಸಿಕ್ಕಿರಲಿಲ್ಲ.

"ಜೇನು ಬರವಲ್ವು ಅಕ್ಕಾ, ಅದಕ್ಕ ಜೊಳ್ಳು" ಅಂದೆ. "ನೀವು ಅರಿವಿಲೆ ಮಾಡಿದ ಕೆಲಸಾನ ಅವು ಮೈಲೆ ಮಾಡ್ತಾವ."

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಶರಣಮ್ಮ ತನ್ನ ಹಕೀಕತ್ತು ಪೂರಾ ಹೇಳಿದಳು.

ಅವಳ ತವರೂ ಗಂಡನ ಮನೆಯೂ ಕರಜಗಿಯೇ. ಮದುವೆಯಲ್ಲಿ ಅವಳ ತಂದೆ ಅರಿಶಿನ ಕುಂಕುಮಕ್ಕೆ ಅಂತ ಒಂದು ತುಂಡು ಹೊಲ ಅವಳ ಹೆಸರಿಗೆ ಮಾಡಿದ್ದರು. ಊರಿನ ಎತ್ತರಕ್ಕಿರುವುದರಿಂದ ಅದಕ್ಕೆ ಮ್ಯಾಲಿನ ಹೊಲ ಅನ್ನುತ್ತಿದ್ದರು. ಗಂಡ ಹಿಟ್ಟಿನ ಗಿರಣಿಯವನು, ಒಳ್ಳೆಯವನು, ಹೊಲದ ಸುದ್ದಿ ಬೇಡ ಅನ್ನುವವನು. ಕೂಡಿದ ಮನೆ, ಒಕ್ಕಲುತನವೆಲ್ಲ ಗಂಡನ ಅಣ್ಣ ಗುರುಲಿಂಗಪ್ಪನವರದು. ಭೀಮಾ ನದಿಯ ನೀರು ತಂದು ಕೆಳಗಿನ ಹೊಲಗಳಲ್ಲಿ ಕಬ್ಬು ಬೆಳೆದವರು. ಮ್ಯಾಲಿನ ಹೊಲಕ್ಕೆ ಹೊಂದಿಕೊಂಡ ತೊಗರಿ ಹೊಲವೂ ಅವರದೇ. ಹತ್ತು ಜನ ಮಾತು ಕೇಳುವ ಮನುಷ್ಯ, ಕೆಟ್ಟವರಲ್ಲ. ಆದರೆ ಜೊಳ್ಳು ತೆನೆ ನೋಡಿ ನೋಡಿ ಅವರಿಗೂ ಸಾಕಾಗಿತ್ತು. ಈ ಸಲವೂ ಜೊಳ್ಳಾದರೆ ಮುಂದಿನ ವರ್ಷ ಪೈಪು ಮೇಲಕ್ಕೆ ಹಾಯಿಸಿ ಅಲ್ಲಿಯೂ ಕಬ್ಬು ಹಚ್ಚೋಣ ಅಂದಿದ್ದರು. ಎಲ್ಲರೆದುರು ಅಂದಿದ್ದರು, ಶರಣಮ್ಮ ಹೂಂ ಅಂದಿದ್ದಳು. ಬೇರೆ ಏನನ್ನಲೂ ಆಗುವಂತಿರಲಿಲ್ಲ.

"ಕಬ್ಬು ಆದ್ರ ಒಳ್ಳೇದಲ್ಲ ಅಕ್ಕಾ, ಕೆಲಸ ಕಡಿಮಿ" ಅಂದೆ, ತಿಳಿಯದೆ.

"ಕಬ್ಬು ಹಚ್ಚಿದ್ರ ನೀರು ಅವರದು, ಆಳು ಅವರದು, ಮಾತು ಅವರದು. ಹೊಲ ನನ್ನ ಹೆಸರಿನ್ಯಾಗ ಇರ್ತದ್ರಿ ಅಕ್ಕೋರೆ. ನಾ ಮಾತ್ರ ಹೊಲದಾಗ ಇರಂಗಿಲ್ಲ."

ಅದನ್ನು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾನು ಅಲ್ಲಿಯೇ ತೀರ್ಮಾನ ಮಾಡಿದೆ. ಮೂರು ತಾಲೂಕು ಹೋಗಲಿ, ಈ ಒಂದು ಹೊಲದಲ್ಲಿ ಕಾಳು ಕಟ್ಟಿಸದಿದ್ದರೆ ನಾನು ಓದಿದ್ದು ದಂಡ.

ಮರುದಿನದಿಂದ ನಮ್ಮ ಜಿದ್ದು ಶುರುವಾಯಿತು. ಸೂರ್ಯಕಾಂತಿ ಅರಳುವುದಕ್ಕೆ ಮುಂಚೆಯೇ ಜೇನಿಗೆ ಆ ಹೊಲದ ರುಚಿ ಹತ್ತಬೇಕು. ಅದಕ್ಕೆ ಹೊಲದ ನಾಲ್ಕೂ ಅಂಚಿಗೆ ಗುರೆಳ್ಳು ಬಿತ್ತಿದೆವು. ಉತ್ತರಿ ಮಳೆ ಹದವಾಗಿ ಬಂತು, ಸೂರ್ಯಕಾಂತಿ ಬಿತ್ತಿದ್ದಾಯಿತು. ಬದುವಿಗೆ ವರ್ಷ ವರ್ಷ ಬೆಂಕಿ ಹಚ್ಚುವುದು, ಕಳೆನಾಶಕ ಹೊಡೆಯುವುದು ಪದ್ಧತಿ. ಈ ಸಲ ಬೇಡ ಅಂದೆ. ಬದುವಿನ ಬರಿ ನೆಲದಲ್ಲಿ ಪೆನ್ನು ಹೋಗುವಷ್ಟು ಸಣ್ಣ ತೂತುಗಳಿದ್ದವು. ಅವಳನ್ನು ಕೂರಿಸಿ ತೋರಿಸಿದೆ. ಸ್ವಲ್ಪ ಹೊತ್ತಿಗೆ ಒಂದು ತೂತಿನಿಂದ ಕಪ್ಪು ಜೇನೊಂದು ಇಣುಕಿ, ನಮ್ಮನ್ನು ನೋಡಿ ಒಳಗೆ ಹೋಗಿ, ಮತ್ತೆ ಇಣುಕಿತು.

"ಅಯ್ಯ ಶಿವನೇ! ನಾ ಇರುವಿ ಗೂಡು ಅಂತ ತಿಳಕೊಂಡು ಮ್ಯಾಲ ಹಾಯ್ದಾಡಾಕತ್ತಿದ್ದೆ. ನೆಲದಾಗೂ ಜೇನು ಇರ್ತಾವೇನ್ರಿ?"

"ಇರ್ತಾವ. ಹುಟ್ಟು ಕಟ್ಟಂಗಿಲ್ಲ, ಗುಂಪು ಮಾಡಂಗಿಲ್ಲ. ಒಂದೊಂದ ಹೆಣ್ಣು, ಒಂದೊಂದ ಮನಿ. ತನ್ನ ಮಕ್ಕಳಿಗಿ ತಾನಾ ಪರಾಗ ತಂದು ಇಡ್ತದ."

"ಗಂಡು?"

"ಹೂವಿನ ಮ್ಯಾಲ ಮಲಗಿರ್ತಾವ."

ಶರಣಮ್ಮ ನಕ್ಕ ನಗುವಿಗೆ ಆಚೆ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಜೇನು ಕಂಡರೆ ಅವಳಿಗೆ ಜೀವ ಹೋಗುವಷ್ಟು ಹೆದರಿಕೆ ಇತ್ತು ಅನ್ನುವುದನ್ನೂ ಹೇಳಬೇಕು. ದುಂಬಿ ಗುಂಯ್ ಅಂದರೆ ಸೆರಗು ತಲೆಗೆ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಅಂಥವಳು ಬದು ಸುಡಲು ಬಂದ ಆಳುಗಳನ್ನು ಮಾತ್ರ ಕುಡುಗೋಲು ಹಿಡಿದು ವಾಪಸ್ ಕಳಿಸಿದಳು.

ಕಾಡುಜೇನು ಹೆಚ್ಚಾಗಲು ವರ್ಷಗಳು ಬೇಕು. ನಮ್ಮ ಬಳಿ ಇದ್ದದ್ದು ಒಂದೇ ಹಂಗಾಮು. ಹಾಗಾಗಿ ಬೆಂಬಲಕ್ಕೆ ಅಂತ ಸಾಕುವ ಜಾತಿಯ ತುಡುವೆ ಜೇನಿನ ಎರಡು ಪೆಟ್ಟಿಗೆ ತಂದೆ. ಸಂಸ್ಥೆಯ ಗಾಡಿ ಕೆಟ್ಟು ಕೂತಿತ್ತು, ಅಫಜಲಪುರದಿಂದ ಬಸ್ಸಿನಲ್ಲೇ ತಂದೆ. ಪೆಟ್ಟಿಗೆಯ ಬಾಯಿಗೆ ಜಾಳಿಗೆ ಬಡಿದು, ಹಿಂದಿನ ಸೀಟಿನ ಕೆಳಗಿಟ್ಟು, ಕಾಲು ಅಡ್ಡ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಬಂದ.

"ಏನದ್ರಿ ಅಕ್ಕೋರೆ ಪೆಟ್ಟಿಗ್ಯಾಗ?"

ನನಗೆ ಬುದ್ಧಿ ಬರುವುದು ತಡ. "ಹುಳ" ಅಂದೆ.

ಹಿಂದಿನ ಸೀಟುಗಳು ಖಾಲಿಯಾದವು. ಮುಂದೆ ನಿಂತವರೆಲ್ಲ ತಿರುಗಿ ನನ್ನನ್ನೇ ನೋಡುತ್ತ, ಒಬ್ಬರಿಗೊಬ್ಬರು ಪಿಸುಗುಡುತ್ತ ಬಂದರು. ಟಿಕೆಟ್ ಯಂತ್ರ ಹಿಡಿದು ಕಂಡಕ್ಟರ್ ದೂರದಿಂದಲೇ, "ಹುಳಕ್ಕ ಫುಲ್ ಟಿಕೆಟ್ಟೋ ಹಾಫೋ?" ಅಂತ ಚೇಷ್ಟೆ ಮಾಡಿದ. ನಾನೂ ನಕ್ಕೆ. ಆ ನಗು ನನಗೆ ತುಟ್ಟಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಕಾರ್ತೀಕ ಮುಗಿಯುವ ಹೊತ್ತಿಗೆ ಮಳೆ ಪೂರ್ತಿ ನಿಂತು ಆಕಾಶ ತೊಳೆದಿಟ್ಟಂತಾಗಿತ್ತು. ಬೆಳಗಿನ ಚಳಿ, ತೊಗರಿಯ ಹಳದಿ, ಅದರ ಪಕ್ಕದಲ್ಲಿ ಗುರೆಳ್ಳಿನ ಹಳದಿ, ನಡುವೆ ಸೂರ್ಯಕಾಂತಿ ಒಂದೊಂದಾಗಿ ಕಣ್ಣು ತೆರೆಯುತ್ತಿತ್ತು. ಬೆಳಿಗ್ಗೆ ಬಿಸಿಲೇರುತ್ತಲೇ ಜೇನು ಬರತೊಡಗಿದವು. ಪೆಟ್ಟಿಗೆಯವು, ಬದುವಿನವು, ಎಲ್ಲಿಂದಲೋ ಬಂದ ಕೋಲುಜೇನು, ಮೈತುಂಬ ಹಳದಿ ಬಳಿದುಕೊಂಡ ದುಂಬಿ. ನಾನು ಕೆಲವು ತೆನೆಗಳಿಗೆ ಶರಣಮ್ಮನ ಹಳೆ ಸೀರೆಯ ತುಂಡಿನ ಚೀಲ ಕಟ್ಟಿದೆ, ಜೇನು ಮುಟ್ಟದ ತೆನೆ ಹೇಗಾಗುತ್ತದೆ ಅಂತ ಊರಿಗೆ ತೋರಿಸಲು. "ಪಾಪ, ಅವೇನು ಮಾಡಿದ್ವು, ಬುರ್ಕಾ ಹಾಕಿದ್ರಲ್ಲ" ಅಂತ ಅವಳು ಆ ಗಿಡಗಳನ್ನು ಸವರಿದಳು. ಇಬ್ಬರಿಗೂ ಖುಷಿ. ಇನ್ನು ಎರಡು ವಾರ ಹೀಗೇ ನಡೆದರೆ ಕಾಳು ಕಟ್ಟಿದ ಹಾಗೆಯೇ.

ಅಷ್ಟರಲ್ಲಿ ಊರ ತೊಗರಿಗೆ ಹುಳ ಬಿತ್ತು.

ಪ್ರತಿ ವರ್ಷ ಬೀಳುವ ಹುಳವೇ. ಆದರೆ ಈ ವರ್ಷ ಅದಕ್ಕೊಂದು ಕಾರಣ ಸಿಕ್ಕಿತ್ತು. ಬಸ್ಸಿನಲ್ಲಿದ್ದವರು ಕಣ್ಣಾರೆ ಕಂಡಿದ್ದರಲ್ಲ, ಹುಳದಕ್ಕೋರು ಎರಡು ಪೆಟ್ಟಿಗೆ ಹುಳ ತಂದು ಮ್ಯಾಲಿನ ಹೊಲದಲ್ಲಿ ಬಿಟ್ಟಾಳ ಅಂತ! ಸುದ್ದಿ ಬಾವಿಕಟ್ಟೆಯಿಂದ ಚಹಾ ಅಂಗಡಿಗೆ, ಅಲ್ಲಿಂದ ಗುರುಲಿಂಗಪ್ಪನವರ ಪಡಸಾಲೆಗೆ ಹೋಯಿತು. ಸಂಜೆ ಅವರೇ ಹೊಲಕ್ಕೆ ಬಂದರು. ಬಿಳಿ ಧೋತರ, ಟೊಪ್ಪಿಗೆ, ಕೈಯಲ್ಲಿ ತೊಗರಿಕಾಯಿಯ ಒಂದು ಟೊಂಗೆ.

"ಅಕ್ಕೋರೆ, ಊರಾಗ ಎಲ್ಲರೂ ತಕರಾರು ಮಾಡಾಕತ್ತಾರ. ನಿಮ್ಮ ಹುಳ ನಮ್ಮ ತೊಗರಿಗಿ ಬಿದ್ದಾವಂತ."

ನನಗೆ ತಲೆಗೇರಿತು. "ಯಜಮಾನ್ರ, ಆ ಹುಳಾನಾ ಬ್ಯಾರೆ, ಈ ಹುಳಾನಾ ಬ್ಯಾರೆ! ಅದು ಚಿಟ್ಟಿಯಾಗೂ ಜಾತಿ, ಇದು ಜೇನು. ಜೇನು ಎಲ್ಲ್ಯಾದ್ರೂ ಕಾಯಿ ಕೊರೀತದೇನ್ರಿ?"

"ನೀವಾ ಗುಡಿ ಮುಂದ ಹುಳ ಅಂದೀರಿ. ಬಸ್ಸಿನ್ಯಾಗೂ ಹುಳ ಅಂದೀರಿ. ನಮಗೇನು ಕನಸು ಬಿದ್ದಿತ್ತೇನು?" ಅವರು ಸಿಟ್ಟಾಗಿ ಹೇಳಲಿಲ್ಲ. "ಇರ್ಲಿ. ಪೆಟ್ಟಿಗಿ ನಾ ತಗಸಂಗಿಲ್ಲ, ಹೆಣ್ಣಮಗಳು ಆಸೆ ಪಟ್ಟಾಳ. ಆದ್ರ ನಾಳಿ ಮುಂಜಾನಿ ನಮ್ಮ ತೊಗರಿಗಿ ಎಣ್ಣಿ ಹೊಡಸ್ತೇನಿ. ಗಾಡಿ ಹೇಳೇನಿ."

ನಾಳೆ ಬೆಳಿಗ್ಗೆ. ಹೂ ಪೂರ್ತಿ ಅರಳಿದ ದಿನ, ಜೇನೆಲ್ಲ ಹೊಲದಲ್ಲಿರುವ ಹೊತ್ತು, ಗಾಳಿ ತೊಗರಿಯಿಂದ ನೇರ ಮ್ಯಾಲಿನ ಹೊಲಕ್ಕೆ. ಸಂಜೆ ಹೊಡೆಸಿ ಅಂತ ಬೇಡಿಕೊಂಡೆ, ಆ ಹೊತ್ತಿಗೆ ಜೇನು ಗೂಡಿಗೆ ಹೋಗಿರುತ್ತವೆ. ಎಣ್ಣಿ ಹೊಡೆಯುವ ಗುಂಪಿನವರು ಬೆಳಿಗ್ಗೆಯೇ ಬರುವುದು, ಮಧ್ಯಾಹ್ನಕ್ಕೆ ಇನ್ನೊಂದು ಊರು ನೋಡುವವರು, ಹುಳಕ್ಕೋಸ್ಕರ ಅವರ ಹೊತ್ತು ಬದಲಿಸಲು ಆಗುವುದಿಲ್ಲ ಅಂದರು. ಹುಳ ಅಂದರೆ ಹುಳ ಅಂದರು. ಹೋದರು.

ನಾನು ಬದುವಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಶರಣಮ್ಮ ಸಮಾಧಾನ ಹೇಳಲಿಲ್ಲ. ತನ್ನ ಹೊಲ ಕೈಬಿಡುತ್ತಿದ್ದುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಹೂವಿನ ಮೇಲೆ ಉಳಿದಿದ್ದ ಕೊನೆಯ ಜೇನುಗಳನ್ನು ನೋಡುತ್ತ ನಿಂತಿದ್ದವಳು ಕೇಳಿದಳು.

"ಇವು ಮುಂಜಾನಿ ಎಷ್ಟ್ಹೊತ್ತಿಗಿ ಬರ್ತಾವ?"

"ಬಿಸಲು ಏರಿದ ಮ್ಯಾಲ."

"ಹೋಗೂದು?"

"ಹೊತ್ತು ಬಾಗಿದ ಕೂಡ್ಲೆ."

"ಮಳಿ ಬಂದ್ರ?"

"ಬರಂಗಿಲ್ಲ."

"ಥೇಟ್ ಕೂಲಿ ಆಳು ಇದ್ದಂಗ ಅದಾವಲ್ಲ!" ಅಂದು ನನ್ನ ಕಡೆ ತಿರುಗಿದಳು. ಕಣ್ಣು ಮಿಂಚುತ್ತಿದ್ದವು. "ಅಲ್ಲಬೇ, ಇವಕ್ಕ ಹುಳ ಅಂತ ಯಾರು ಅನ್ನಂದ್ರು ನಿನಗ?"

ಅವಳು ನನಗೆ ಬೇ ಅಂದದ್ದು ಅದೇ ಮೊದಲು. ಅಕ್ಕೋರು ಹೋಗಿ ತಂಗಿಯಾಗಿದ್ದೆ. ಅಳು ನಿಂತಿತು.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಎಣ್ಣಿ ಹೊಡೆಯುವ ಮುಂಚೆ ಬದುವಿನ ಮೇಲೆ ನಿಂತು ಪಕ್ಕದ ಹೊಲದವರನ್ನು ಕೂಗಿ ಕೇಳುತ್ತಾರೆ, ಆಳು ಅದಾವೇನು ಅಂತ. ಅದಾವ ಅಂದರೆ ಎಣ್ಣಿಯ ಡಬ್ಬಿ ಮುಚ್ಚಳ ತೆಗೆಯುವಂತಿಲ್ಲ. ಕೆಲಸದವರ ಮೈಮೇಲೆ ವಿಷ ಬೀಳಬಾರದು. ಇದು ಎಲ್ಲೂ ಬರೆದಿಟ್ಟ ಕಾಯಿದೆಯಲ್ಲ, ಆದರೆ ಗುರುಲಿಂಗಪ್ಪನವರಂಥ ಮನುಷ್ಯ ಅದನ್ನು ಮೀರುವುದು ಸಾಧ್ಯವೇ ಇರಲಿಲ್ಲ.

ಬೆಳಿಗ್ಗೆ ಟಂಟಂ ಆಟೋ ಬಂತು. ಐದಾರು ಜನ, ಬೆನ್ನಿಗೆ ಯಂತ್ರ. ಶರಣಮ್ಮ ಸ್ನಾನ, ಲಿಂಗಪೂಜೆ ಮುಗಿಸಿ ನನಗಿಂತ ಮುಂಚೆ ಹೊಲದಲ್ಲಿದ್ದಳು. ಗುರುಲಿಂಗಪ್ಪನವರು ಬದುವಿಗೆ ಬಂದು ಪದ್ಧತಿಯಂತೆ ಕೂಗಿದರು.

"ಶರಣಮ್ಮಾ, ಹೊಲದಾಗ ಆಳು ಅದಾವೇನು?"

"ಅದಾವ್ರಿ ಭಾವಾರ! ಹೊಲ ತುಂಬ ಅದಾವ!"

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಎಲ್ಲಿ? ಒಂದೂ ಕಾಣವಲ್ದು."

"ಹತ್ರ ಬಂದು ನೋಡ್ರಿ."

ಬಂದರು. ಗುಂಪಿನವರೂ ತಮಾಷೆ ನೋಡಲು ಹಿಂದೆ ಬಂದರು. ಶರಣಮ್ಮ ಒಂದು ಅಗಲವಾದ ಹೂವನ್ನು ಬಗ್ಗಿಸಿ ಹಿಡಿದಳು. ಜೇನು ಕಂಡರೆ ಓಡುವವಳು, ನಾಲ್ಕಾರು ಜೇನು ಕೂತ ಹೂವನ್ನು ಬರಿಗೈಯಲ್ಲಿ ಹಿಡಿದಿದ್ದಳು.

"ಇವರಾ ನೋಡ್ರಿ ನಮ್ಮ ಆಳು."

ಗುಂಪಿನವರು ಹೋ ಅಂತ ನಕ್ಕರು. "ಹುಳಕ್ಕ ಆಳು ಅಂತಾಳಲೇ ಯವ್ವ!" ಅಂದ ಒಬ್ಬ. ಶರಣಮ್ಮ ನಗಲಿಲ್ಲ, ಅವರ ಕಡೆ ನೋಡಲೂ ಇಲ್ಲ.

"ಭಾವಾರ, ಹೋದ ವರ್ಷ ಇದಾ ಹೊಲದಾಗ ಹೆಣ್ಣಾಳು ಕೈಗಿ ಅರಿವಿ ಸುತ್ತಿ ಹೂವ ತಿಕ್ಕಿದ್ವು. ಆವತ್ತು ನೀವು ಎಣ್ಣಿ ಹೊಡಸಾಕ ಬಂದಿದ್ರಿ. ಆಳು ಅದಾವ ಅಂದೆ. ತಿರುಗಿ ಹೋದ್ರಿ. ಹೌದಲ್ರಿ? ಅವು ಮಾಡಿದ ಕೆಲಸಾನಾ ಈಗ ಇವು ಮಾಡಾಕತ್ತಾವ. ಹೊತ್ತು ಏರಿದ ಮ್ಯಾಲ ಬರ್ತಾವ, ಬಾಗಿದ ಮ್ಯಾಲ ಹೋಗ್ತಾವ. ನನ್ನ ಹೊಲದಾಗ ದುಡಿಯಾಕ ಬಂದವರ ಮ್ಯಾಲ ಎಣ್ಣಿ ಬೀಳಬಾರ್ದು. ಅಷ್ಟಾ ಕೇಳ್ತೇನಿ. ಹೊಡೀಬ್ಯಾಡ್ರಿ ಅನ್ನಂಗಿಲ್ಲ."

ಗುರುಲಿಂಗಪ್ಪನವರು ಹೂವಿನ ಮೇಲೆ ಬಾಗಿದರು. ಒಂದು ಜೇನು ಹೂವಿನ ಅಂಚಿನಿಂದ ನಡುವಿಗೆ ಸುತ್ತು ಹಾಕುತ್ತ, ಒಂದು ಕಾಳಿನ ಜಾಗವನ್ನೂ ಬಿಡದ ಹಾಗೆ, ತಲೆ ಎತ್ತದೆ ಕೆಲಸ ಮಾಡುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಒಂದೇ ಮಾತು ಕೇಳಿದರು.

"ಖರೇನಾ ಅಕ್ಕೋರೆ, ಸಂಜಿಗಿ ಹೋಗ್ತಾವ?"

"ಖರೇ ಯಜಮಾನ್ರ. ದುಡಿಯೂವು ಒಂದೂ ಇರಂಗಿಲ್ಲ."

ಅವರು ಗುಂಪಿನ ಮುಖಂಡನಿಗೆ ಹೇಳಿದರು. "ಕೂಡ್ರಿ ಇಲ್ಲೇ ಬನ್ನಿ ಗಿಡದ ಬುಡಕ. ಮನಿಯಿಂದ ರೊಟ್ಟಿ ತರಸ್ತೇನಿ. ಬಾಜೂ ಹೊಲದಾಗ ಆಳು ಅದಾವ."

"ಸಾವ್ಕಾರ್ರ, ನಮಗ ಇನ್ನೊಂದು ಊರಿಗಿ..."

"ಹೋಗೂದಿದ್ರ ಹೋಗ್ರಿ. ಆಳಿನ ಮ್ಯಾಲ ನಾ ಎಣ್ಣಿ ಹೊಡಸಂಗಿಲ್ಲ."

ಅವರು ಹೋಗಿ ಸಂಜೆ ತಿರುಗಿ ಬಂದರು, ಗೊಣಗುತ್ತಲೇ ಬಂದರು. ಹೊತ್ತು ಬಾಗಿ ಜೇನೆಲ್ಲ ಮನೆ ಸೇರಿದಮೇಲೆ ತೊಗರಿಗೆ ಎಣ್ಣಿ ಬಿತ್ತು. ಪೆಟ್ಟಿಗೆಗಳ ಬಾಯಿಗೆ ನಾನು ಹಸಿ ಗೋಣಿ ಮುಚ್ಚಿದ್ದೆ. ಮಾರನೆಯ ದಿನ ಬಿಸಿಲೇರುವವರೆಗೆ ನಾನೂ ಶರಣಮ್ಮನೂ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಮೊದಲು ಒಂದು ದುಂಬಿ ಬಂತು. ಆಮೇಲೆ ಬದುವಿನ ಕಪ್ಪು ಜೇನು. ಆಮೇಲೆ ಎಲ್ಲವೂ. ಶರಣಮ್ಮ "ಬಂದ್ವು ಬೇ, ಕೆಲಸಕ್ಕ ಬಂದ್ವು" ಅಂತ ನನ್ನ ಬೆನ್ನಿಗೊಂದು ಗುದ್ದಿದಳು. ಆ ಗುದ್ದು ಇನ್ನೂ ಇದೆ.

ಎಲ್ಲವೂ ಸುಸೂತ್ರ ನಡೆಯಿತು ಅಂತೇನಿಲ್ಲ. ಒಂದು ಪೆಟ್ಟಿಗೆಗೆ ಇರುವೆ ಹತ್ತಿ ಜೇನು ಬಿಟ್ಟುಹೋದವು. ಊರಲ್ಲಿ ಅರ್ಧ ಜನ ಬೆಳಿಗ್ಗೆಯೇ ಎಣ್ಣಿ ಹೊಡೆಸಿದರು. ಆದರೆ ಗುರುಲಿಂಗಪ್ಪನವರು ಸಂಜೆಗೆ ಹೊಡೆಸಿದರಂತೆ ಅನ್ನುವ ಮಾತು ನಿಧಾನಕ್ಕೆ ಹರಡಿತು, ಬಾಜೂ ಹೊಲದಾಗ ಆಳು ಅದಾವಂತ ಅನ್ನುವ ಮಾತು ಅದಕ್ಕಿಂತ ಬೇಗ ಹರಡಿತು. ಮುಂದೆ ನರೋಣಾದಲ್ಲಿ, ನೆಲೋಗಿಯಲ್ಲಿ, ಇಷ್ಟು ವರ್ಷ ನಾನು ಮಾಡಿದ ಭಾಷಣವೆಲ್ಲ ಆ ಒಂದು ಮಾತಿನದೇ. ಚಹಾ ಕೊಟ್ಟು ಕಳಿಸುತ್ತಿದ್ದವರು ಆಮೇಲೆ ಚಹಾ ಕೊಟ್ಟು ಕೂರಿಸಿಕೊಂಡರು. ನನಗೆ ಕಲಿಸಿದ ಮೇಷ್ಟರುಗಳಿಗೆಲ್ಲ ನಾನು ಋಣಿ. ಆದರೆ ನನ್ನ ನೌಕರಿಗೆ 'ಆಳು' ಅನ್ನುವ ಶಬ್ದ ಕೊಟ್ಟವಳು ಶರಣಮ್ಮ, ಅದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಎಳ್ಳಮಾವಾಸ್ಯೆಗೆ ಅವರ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಮ್ಯಾಲಿನ ಹೊಲಕ್ಕೆ ಬಂದರು, ನನ್ನನ್ನೂ ಕರೆದರು. ಸಜ್ಜೆ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಉಣ್ಣುವ ಮುಂಚೆ ಹೊಲದ ಸುತ್ತ ಚರಗ ಚೆಲ್ಲಬೇಕು, ಭೂಮಿತಾಯಿಯ ಪಾಲು ಅಂತ ಅನ್ನ ಎರಚುವ ಶಾಸ್ತ್ರ. ಗುರುಲಿಂಗಪ್ಪನವರು ಚೆಲ್ಲುತ್ತ ಬಂದು, ಬದುವಿನ ತೂತುಗಳಿರುವ ಕಡೆ ನಿಂತು, ಕೈಯಲ್ಲಿದ್ದುದನ್ನು ಒಂದಿಷ್ಟು ಹೆಚ್ಚೇ ಹಾಕಿದರು. ಜೇನು ಕಡುಬು ತಿನ್ನುವುದಿಲ್ಲ ಅಂತ ನಾಲಿಗೆ ತುದಿಗೆ ಬಂದಿತ್ತು. ದೇವರು ದೊಡ್ಡವನು, ಬಾಯಿ ಮುಚ್ಚಿಕೊಂಡಿದ್ದೆ.

ರಾಶಿಯ ದಿನ ಶರಣಮ್ಮ ಎಲ್ಲರೆದುರು ತೆನೆ ಮುರಿದಳು. ಸೀರೆ ಚೀಲ ಕಟ್ಟಿದ್ದು ಹಿಸುಕಿದರೆ ಬರೀ ಹೊಟ್ಟು. ಕಟ್ಟದೆ ಬಿಟ್ಟಿದ್ದು ಅಂಚಿನಿಂದ ನಡುವಿನ ತನಕ ಕಾಳು, ಬೆರಳು ತೂರಿಸಲು ಸಂದಿಲ್ಲ. ಹೆಂಗಸರು ಮುಗಿಬಿದ್ದು ನೋಡಿದರು. ಶರಣಮ್ಮ ತೆನೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು, ನಾನು ಅವಳನ್ನು ಅಪ್ಪಿಕೊಂಡು ಅತ್ತೆ, ನಮ್ಮಿಬ್ಬರನ್ನು ನೋಡಿ ಗಿರಣಿಯವನಾದ ಅವಳ ಗಂಡನೂ ಕಣ್ಣೊರೆಸಿಕೊಂಡ. ಗುರುಲಿಂಗಪ್ಪನವರು ಮಾತ್ರ ಒಂದು ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಹೇಳದೆ ರಾಶಿಯ ಮೇಲೆ ಇಟ್ಟು ಹೋದರು.

ಅದೇ ಅವಳನ್ನು ತಿಂದುಹಾಕಿತು. "ಭಾವಾರು ಏನೂ ಅನ್ನವಲ್ರು" ಅಂತ ನನ್ನೆದುರು ದಿನವೂ ಅನ್ನುತ್ತಿದ್ದಳು. ಕಾಳು ಕಟ್ಟಿತು, ಖರೆ. ಆದರೆ ಕಬ್ಬಿನ ಮಾತನ್ನು ಅವರು ವಾಪಸ್ ತೆಗೆದುಕೊಂಡಿರಲಿಲ್ಲ. ಕೇಳೋಣ ಅಂದರೆ ಆ ಮನೆಯಲ್ಲಿ ಸೊಸೆಯಂದಿರು ಅವರೆದುರು ನಿಂತು ಹೊಲದ ಮಾತಾಡಿದ ವಾಡಿಕೆಯೇ ಇಲ್ಲ. ಬದುವಿನ ಮೇಲಿನ ಮಾತು ಬೇರೆ, ಪಡಸಾಲೆಯ ಮಾತು ಬೇರೆ.

ಯುಗಾದಿ ಹತ್ತಿರ ಬಂದಿತ್ತು. ಉಳಿದ ಒಂದು ಪೆಟ್ಟಿಗೆಯನ್ನು ಬೇಸಿಗೆಗೆ ನೆರಳಿಗೆ ಸಾಗಿಸಲು ಹೋದ ನಾನು ಅವರ ಮನೆಯಲ್ಲಿ ಬಾಗಿಲ ಪಕ್ಕ ಕೂತಿದ್ದೆ. ಪಡಸಾಲೆಯಲ್ಲಿ ಕಬ್ಬಿನ ಗದ್ದೆಗಳಿಗೆ ಪೈಪು ಹಾಕುವವನು ಬಂದು ಕೂತಿದ್ದ. ಗುರುಲಿಂಗಪ್ಪನವರು ಕಂಬಕ್ಕೆ ಒರಗಿದ್ದರು. ಶರಣಮ್ಮ ಒಳಗಿನಿಂದ ಚಹಾದ ತಾಟು ಹಿಡಿದು ಹೊಸ್ತಿಲಿಗೆ ಬಂದಳು. ಅದೇ ಹೊತ್ತಿಗೆ ಆತ ಕೇಳಿದ.

"ಮ್ಯಾಲಿನ ಹೊಲಕ್ಕೂ ಪೈಪು ಹಾಯಿಸೂದಿತ್ತಲ್ರಿ ಸಾವ್ಕಾರ್ರ? ಈ ವರ್ಷ ಮಾಡೂದೇನ್ರಿ?"

ಶರಣಮ್ಮ ಹೊಸ್ತಿಲಲ್ಲೇ ನಿಂತಳು.

ಗುರುಲಿಂಗಪ್ಪನವರು ಅವಳ ಕಡೆ ನೋಡಲಿಲ್ಲ. ಆತನ ಮುಖವನ್ನೇ ನೋಡುತ್ತ, ಸಾವಕಾಶ ಅಂದರು.

"ನನಗೇನ್ ಕೇಳ್ತಿಯೋ? ಹೊಲದಾಕಿ ಅಲ್ಲೇ ನಿಂತಾಳಲ್ಲ. ಆಕೀನ್ನ ಕೇಳು."

ಶರಣಮ್ಮ ಹೊಸ್ತಿಲು ದಾಟಿದಳು. ಚಹಾದ ತಾಟನ್ನು ನನ್ನ ಕೈಗಿತ್ತು, ಸೆರಗು ಸರಿಮಾಡಿಕೊಂಡು, ಮದುವೆಯಾಗಿ ಬಂದಮೇಲೆ ಮೊದಲ ಸಲ ಭಾವನೆದುರು ಆ ಪಡಸಾಲೆಯ ಜಮಖಾನೆಯ ಮೇಲೆ ಕಾಲು ಮಡಚಿ ಕೂತಳು. "ಈಗ ಹೇಳ್ರಿ, ಏನು ಕೇಳಿದ್ರಿ ನನ್ನ ಹೊಲದ್ದು?" ಅಂದಳು.

ಆವತ್ತು ಎಲ್ಲರಿಗೂ ಚಹಾ ಕೊಟ್ಟವಳು ನಾನು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷದಿಂದ ಇನ್ನಾವ ಕೆಲಸವನ್ನೂ ಮಾಡಿಲ್ಲ.